ಭಯ ಹುಟ್ಟಿಸುವುದೇ ಗುರಿಯಾದಾಗ: ಸ್ಟಾನಿಸ್ಲಾವ್ ಗಾಲಿಚ್ ಪ್ರಕರಣದ ಅಧ್ಯಯನ

2003ರ ಡಿಸೆಂಬರ್ 5ರಂದು ಹೇಗ್ ನಗರದಲ್ಲಿ ಮೂವರು ನ್ಯಾಯಾಧೀಶರ ಪೀಠವೊಂದು ಬಾಸ್ನಿಯಾದ ಸರ್ಬ್ ಸೇನೆಯ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ಗೆ 20 ವರ್ಷಗಳ ಸೆರೆವಾಸ ವಿಧಿಸಿತು. ಯುದ್ಧಾಪರಾಧಕ್ಕಾಗಿ ಸೇನಾಧಿಕಾರಿಗೆ ಶಿಕ್ಷೆಯಾಗುವುದು ಆ ಹೊತ್ತಿಗೆ ಹೊಸ ಸಂಗತಿಯೇನಲ್ಲ. ಹೊಸದಾಗಿದ್ದದ್ದು ಆರೋಪಪಟ್ಟಿಯ ಮೊದಲ ಅಂಶ. ನಾಗರಿಕರಲ್ಲಿ ಭೀತಿ ಹರಡುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಹಿಂಸೆ ನಡೆಸಿದ್ದು, ಅದೂ ಸುಮಾರು ಎರಡು ವರ್ಷ ಕಾಲ, ಬಾಸ್ನಿಯಾದ ರಾಜಧಾನಿ ಸರಾಯೆವೊ ಎಂಬ ಒಂದು ಇಡೀ ನಗರದ ಮೇಲೆ. ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಈ ಹೆಸರಿನ ಅಪರಾಧಕ್ಕೆ ಶಿಕ್ಷೆ ಕೊಟ್ಟದ್ದು ಅದೇ ಮೊದಲು.

ಯುದ್ಧದಲ್ಲಿ ನಾಗರಿಕರ ರಕ್ಷಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಕೇಳಿಬರುವ ಪ್ರತಿಕ್ರಿಯೆ ಒಂದೇ: ‘ಒಪ್ಪಂದ ಕಾಗದದ ಮೇಲಿರುತ್ತೆ, ಬಾಂಬ್ ಹಾಕೋನು ಅದನ್ನ ಓದಿ ಹಾಕ್ತಾನಾ?’ ಹಾಕುವವನು ಓದುವುದಿಲ್ಲ ಎಂಬುದು ನಿಜವೇ. ಆದರೆ ಗಾಲಿಚ್ ಪ್ರಕರಣದಲ್ಲಿ ಅಂಥ ಕಾಗದದ ಒಂದು ವಾಕ್ಯ, ಯುದ್ಧ ನಡೆಯುತ್ತಿರುವಾಗಲೇ ಬಿದ್ದ ಕೆಲವು ಸಹಿಗಳ ಬಲದಿಂದ, ಹತ್ತು ವರ್ಷದ ಮೇಲೆ ಒಬ್ಬ ಜನರಲ್‌ನನ್ನು ಕಟಕಟೆಯಲ್ಲಿ ಕಟ್ಟಿಹಾಕಿತು. ಅದು ಹೇಗಾಯಿತು, ಅದರಲ್ಲಿ ಗಟ್ಟಿಯಾದದ್ದು ಯಾವುದು, ಅಲುಗಾಡಿದ್ದು ಯಾವುದು ಎಂಬುದನ್ನು ಬಿಡಿಸಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಕಣಿವೆಯ ನಗರ

ಸರಾಯೆವೊ ಮಿಲ್ಯಾತ್ಸ್ಕಾ ನದಿಯ ಗುಂಟ ಪೂರ್ವದಿಂದ ಪಶ್ಚಿಮಕ್ಕೆ ಚಾಚಿಕೊಂಡ ಊರು. ದಕ್ಷಿಣಕ್ಕೆ ಟ್ರೆಬೆವಿಚ್ ಬೆಟ್ಟ, ಉಳಿದ ಕಡೆಯೂ ಗುಡ್ಡಗಳೇ. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಇಲ್ಲಿಯೇ. ಮುಸ್ಲಿಮರು, ಸರ್ಬರು, ಕ್ರೊವಾಟರು ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಬದುಕಿದ್ದ ಊರು ಇದು. ಯುಗೊಸ್ಲಾವಿಯಾ ಒಡೆದು 1992ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ಸುತ್ತಲಿನ ಎತ್ತರದ ಜಾಗಗಳಲ್ಲಿ ಬಹುಪಾಲನ್ನು ಬಾಸ್ನಿಯನ್ ಸರ್ಬ್ ಸೇನೆ ಹಿಡಿಯಿತು. ಮುತ್ತಿಗೆ ಮುಗಿದದ್ದು 1996ರ ಫೆಬ್ರುವರಿ 29ಕ್ಕೆ. ಬೆಟ್ಟದ ಮೇಲೆ ನಿಂತವನಿಗೆ ಕೆಳಗಿನ ಅಂಗಳದಲ್ಲಿ ಯಾರು ರಾಗಿ ಹರವುತ್ತಿದ್ದಾರೆ ಎಂಬುದು ಹೇಗೆ ಕಾಣುತ್ತದೋ ಹಾಗೆ, ಸರಾಯೆವೊದ ಬೀದಿಗಳು ಬಂದೂಕು ಹಿಡಿದವರಿಗೆ ಕಾಣುತ್ತಿದ್ದವು. ಪ್ರಕರಣದ ಉದ್ದಕ್ಕೂ ಇದನ್ನು ನೆನಪಿಡಬೇಕು. ಕಾಣದೆ ಹೊಡೆದದ್ದಕ್ಕೂ ಕಂಡೂ ಹೊಡೆದದ್ದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ.

ನಗರವನ್ನು ಸುತ್ತುವರಿದಿದ್ದ ಪಡೆಯ ಹೆಸರು ಸರಾಯೆವೊ-ರೊಮಾನಿಯಾ ಕೋರ್. ಸುಮಾರು 18,000 ಸೈನಿಕರು, ಕೇಂದ್ರ ಕಚೇರಿ ಲುಕಾವಿತ್ಸಾದಲ್ಲಿ. 1992ರ ಸೆಪ್ಟೆಂಬರ್ 10ರಿಂದ 1994ರ ಆಗಸ್ಟ್ 10ರವರೆಗೆ ಇದರ ದಂಡನಾಯಕ ಗಾಲಿಚ್. ಅವನ ಮೇಲಿದ್ದವನು ಇಡೀ ಬಾಸ್ನಿಯನ್ ಸರ್ಬ್ ಸೇನೆಯ ಮುಖ್ಯಸ್ಥ ರಾಟ್ಕೊ ಮ್ಲಾಡಿಚ್. ಮ್ಲಾಡಿಚ್‌ನ ಮೇಲೆ ರಾಜಕೀಯ ನಾಯಕ ರಾಡೊವಾನ್ ಕಾರಾಜಿಚ್.

ಈ ಯುದ್ಧದ ಜೊತೆ ನಮ್ಮ ಕಡೆಯ ಒಂದು ಎಳೆಯೂ ಇದೆ. ಹಿಂದಿನ ಯುಗೊಸ್ಲಾವಿಯಾಕ್ಕೆ ವಿಶ್ವಸಂಸ್ಥೆ ಕಳುಹಿಸಿದ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕ ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರು. 1992ರ ಮಾರ್ಚ್‌ನಿಂದ 1993ರ ಮಾರ್ಚ್‌ವರೆಗೆ ಅವರು ಆ ಹೊಣೆಯಲ್ಲಿದ್ದರು. ಪಡೆಯ ಮೂಲ ಕೆಲಸ ಕ್ರೊವೇಷಿಯಾಕ್ಕೆ ಸಂಬಂಧಿಸಿದ್ದು. ಆದರೆ ಅದರ ಕೇಂದ್ರ ಕಚೇರಿಯನ್ನು ಇಟ್ಟದ್ದು ಸರಾಯೆವೊದಲ್ಲಿ, ಯುದ್ಧ ಬಂದು ಬಿದ್ದದ್ದು ಅದರ ಬಾಗಿಲಿಗೇ. ಆ ಪಡೆಯ ಅಧಿಕಾರಿಗಳು ಮುಂದಿನ ವರ್ಷಗಳಲ್ಲಿ ಬರೆದಿಟ್ಟ ವರದಿಗಳು, ಸರ್ಬ್ ಕಮಾಂಡರುಗಳಿಗೆ ಸಲ್ಲಿಸಿದ ಪ್ರತಿಭಟನೆಗಳು ಹೇಗ್‌ನಲ್ಲಿ ಮುಖ್ಯ ಸಾಕ್ಷ್ಯವಾದವು.

ಯುದ್ಧದ ನಡುವೆ ಬಿದ್ದ ಸಹಿ

1949ರ ನಾಲ್ಕನೇ ಜಿನೀವಾ ಒಡಂಬಡಿಕೆಯನ್ನು ‘ನಾಗರಿಕರ ಒಡಂಬಡಿಕೆ’ ಎನ್ನುತ್ತಾರೆ. ಆದರೆ ಅದು ಹೆಚ್ಚಾಗಿ ಕಾಯುವುದು ಶತ್ರುವಿನ ಕೈಗೆ ಸಿಕ್ಕ ನಾಗರಿಕರನ್ನು, ಅಂದರೆ ಆಕ್ರಮಿತ ಪ್ರದೇಶದವರನ್ನು, ಬಂಧಿತರನ್ನು. ಗಡಿರೇಖೆಯ ಆಚೆಯಿಂದ ಶೆಲ್ ಎಸೆದರೆ ಈಚೆ ಸಾಯುವವರ ಬಗ್ಗೆ ಅದರಲ್ಲಿರುವುದು ಕಡಿಮೆ. ಆ ಕೊರತೆ ತುಂಬಿದ್ದು 1977ರ ಜೂನ್ 8ರಂದು ಅಂಗೀಕಾರವಾದ ಮೊದಲ ಹೆಚ್ಚುವರಿ ಪ್ರೋಟೋಕಾಲ್, ಅಂದರೆ ಆ ಒಡಂಬಡಿಕೆಗಳಿಗೆ ಸೇರಿಸಿದ ಪೂರಕ ಒಪ್ಪಂದ. ಅದರ 51ನೇ ವಿಧಿಯ ಎರಡನೇ ಖಂಡದಲ್ಲಿ ಎರಡೇ ವಾಕ್ಯಗಳಿವೆ. ನಾಗರಿಕ ಜನಸಮುದಾಯವಾಗಲಿ, ಒಬ್ಬೊಬ್ಬ ನಾಗರಿಕನಾಗಲಿ ದಾಳಿಯ ಗುರಿಯಾಗಕೂಡದು ಎಂಬುದು ಒಂದು. ನಾಗರಿಕರಲ್ಲಿ ಭೀತಿ ಹರಡುವುದೇ ಮುಖ್ಯ ಉದ್ದೇಶವಾದ ಹಿಂಸೆಯೂ ಹಿಂಸೆಯ ಬೆದರಿಕೆಯೂ ನಿಷಿದ್ಧ ಎಂಬುದು ಇನ್ನೊಂದು. ಗಾಲಿಚ್ ಪ್ರಕರಣ ನಿಂತದ್ದು ಈ ಎರಡನೇ ವಾಕ್ಯದ ಮೇಲೆ.

ತೊಡಕು ಎಲ್ಲಿತ್ತೆಂದರೆ, ಮೊದಲ ಪ್ರೋಟೋಕಾಲ್ ದೇಶ-ದೇಶಗಳ ನಡುವಿನ ಯುದ್ಧಕ್ಕೆ ಅನ್ವಯಿಸುವಂಥದ್ದು. ಬಾಸ್ನಿಯಾದ್ದು ಅಂತರ್ಯುದ್ಧವೋ, ಸರ್ಬಿಯಾ ಒಳಗೊಂಡ ಅಂತರರಾಷ್ಟ್ರೀಯ ಯುದ್ಧವೋ ಎಂಬ ಜಗಳಕ್ಕೆ ಕೊನೆಯೇ ಇರಲಿಲ್ಲ. ಈ ಜಗಳವನ್ನು ಬದಿಗಿಟ್ಟು ಮುಂದೆ ಹೋಗುವ ದಾರಿಯನ್ನು ಮಾಡಿಕೊಟ್ಟದ್ದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ. ನಾಲ್ಕೂ ಜಿನೀವಾ ಒಡಂಬಡಿಕೆಗಳಲ್ಲಿ ಒಂದೇ ರೀತಿ ಇರುವ 3ನೇ ವಿಧಿ ಅಂತರ್ಯುದ್ಧದ ಪಕ್ಷಗಳಿಗೆ ಒಂದು ಸಲಹೆ ಕೊಡುತ್ತದೆ: ವಿಶೇಷ ಒಪ್ಪಂದ ಮಾಡಿಕೊಂಡು ಉಳಿದ ನಿಯಮಗಳನ್ನೂ ನಿಮ್ಮ ಮೇಲೆ ಹೇರಿಕೊಳ್ಳಿ ಎಂದು. 1992ರ ಮೇ 22ರಂದು ರೆಡ್ ಕ್ರಾಸ್‌ನ ಆಹ್ವಾನದ ಮೇರೆಗೆ ಜಿನೀವಾದಲ್ಲಿ ಬಾಸ್ನಿಯಾದ ಅಧ್ಯಕ್ಷ ಅಲಿಯಾ ಇಜೆತ್‌ಬೆಗೊವಿಚ್, ಸರ್ಬ್ ಪಕ್ಷದ ಕಾರಾಜಿಚ್, ಜೊತೆಗೆ ಕ್ರೊವಾಟ್ ಪಕ್ಷ, ಇವರೆಲ್ಲರ ಪ್ರತಿನಿಧಿಗಳು ಸೇರಿ ಅಂಥದೇ ಒಪ್ಪಂದಕ್ಕೆ ಸಹಿ ಹಾಕಿದರು. 51ನೇ ವಿಧಿಯನ್ನು ಪಾಲಿಸುತ್ತೇವೆ ಎಂದು ಬರೆದುಕೊಟ್ಟರು.

ಅದಕ್ಕೆ ಕೆಲವೇ ದಿನ ಮೊದಲು ರೆಡ್ ಕ್ರಾಸ್‌ನ ಹಿರಿಯ ಪ್ರತಿನಿಧಿ ಫ್ರೆಡೆರಿಕ್ ಮಾರಿಸ್ ಸರಾಯೆವೊದಲ್ಲಿ ಪರಿಹಾರ ಸಾಮಗ್ರಿಯ ವಾಹನಗಳ ಮೇಲೆ ನಡೆದ ದಾಳಿಯಲ್ಲಿ ಗಾಯಗೊಂಡು ತೀರಿಕೊಂಡಿದ್ದರು. ತಮ್ಮ ಸಹೋದ್ಯೋಗಿಯನ್ನು ಕಳೆದುಕೊಂಡ ವಾರದಲ್ಲೇ ಆ ಸಂಸ್ಥೆಯವರು ಕೊಲ್ಲುತ್ತಿರುವ ಪಕ್ಷಗಳನ್ನು ಒಂದೇ ಮೇಜಿಗೆ ಕರೆದು ವಿಧಿ ವಿಧಿ ಓದಿ ಸಹಿ ಹಾಕಿಸಿದರು. ಒಪ್ಪಂದ ಮುರಿದುಬಿದ್ದದ್ದು ಎಲ್ಲರಿಗೂ ಗೊತ್ತು, ಮೇ ತಿಂಗಳ ನಂತರವೂ ಶೆಲ್‌ಗಳು ಬೀಳುತ್ತಲೇ ಇದ್ದವು. ಇಷ್ಟಾದರೂ ಆ ಸಹಿಯನ್ನು ನಾನು ವ್ಯರ್ಥ ಎನ್ನಲಾರೆ. ‘ಈ ನಿಯಮ ನಮಗೆ ಅನ್ವಯಿಸುವುದಿಲ್ಲ’ ಎಂಬ ವಾದದ ಬಾಗಿಲನ್ನು ಸರ್ಬ್ ಪಕ್ಷ ಅಂದೇ ತನ್ನ ಕೈಯಾರೆ ಮುಚ್ಚಿಕೊಂಡಿತ್ತು.

ಗಾಲಿಚ್‌ಗೆ ಈ ನಿಯಮ ಗೊತ್ತಿರಲಿಲ್ಲ ಎನ್ನುವಂತೆಯೂ ಇರಲಿಲ್ಲ. ಅವನು ಯುಗೊಸ್ಲಾವ್ ಸೇನೆಯಲ್ಲಿ ತರಬೇತಾದ ಅಧಿಕಾರಿ. ಯುಗೊಸ್ಲಾವಿಯಾ ಮೊದಲ ಪ್ರೋಟೋಕಾಲನ್ನು 1979ರಲ್ಲೇ ಅನುಮೋದಿಸಿತ್ತು. 1988ರಲ್ಲಿ ಯುದ್ಧ ನಿಯಮಗಳ ಕೈಪಿಡಿಯನ್ನು ತನ್ನ ಸೇನೆಗೆ ಜಾರಿ ಮಾಡಿತ್ತು. ಆ ದೇಶದ ದಂಡಸಂಹಿತೆಯ 142ನೇ ವಿಧಿಯಲ್ಲಿ ನಾಗರಿಕರ ಮೇಲೆ ಬೆದರಿಕೆ ಮತ್ತು ಭೀತಿಯ ಕ್ರಮ ಕೈಗೊಳ್ಳುವುದು ಯುದ್ಧಾಪರಾಧ ಎಂದೇ ಬರೆದಿತ್ತು.

ಒಂದೊಂದು ಗುಂಡಿನ ಲೆಕ್ಕ

ಭದ್ರತಾ ಮಂಡಳಿ 1993ರ ಮೇ 25ರಂದು 827ನೇ ನಿರ್ಣಯದ ಮೂಲಕ ಹಿಂದಿನ ಯುಗೊಸ್ಲಾವಿಯಾಕ್ಕಾಗಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಮಂಡಳಿಯನ್ನು ಸ್ಥಾಪಿಸಿತ್ತು. ಗಾಲಿಚ್‌ನನ್ನು ನ್ಯಾಟೊ ನೇತೃತ್ವದ ಪಡೆ ಹಿಡಿದದ್ದು 1999ರ ಡಿಸೆಂಬರ್ 20ರಂದು, ಬಾನ್ಯಾ ಲೂಕಾದಲ್ಲಿ. ವಿಚಾರಣೆ 2001ರ ಡಿಸೆಂಬರ್ 3ಕ್ಕೆ ಶುರುವಾಯಿತು. ಪೀಠದ ಅಧ್ಯಕ್ಷರು ನೆದರ್ಲೆಂಡ್ಸ್‌ನ ಆಲ್ಫೋನ್ಸ್ ಓರಿ, ಜೊತೆಗೆ ಈಜಿಪ್ಟಿನ ಅಮೀನ್ ಎಲ್ ಮಹ್ದಿ ಮತ್ತು ಕೊಲಂಬಿಯಾದ ರಫಾಯೆಲ್ ನಿಯೆಟೊ ನಾವಿಯಾ.

ಮುತ್ತಿಗೆಯಲ್ಲಿ ಸಾವಿರಾರು ಸಾವುಗಳಾಗಿವೆ. 2012ರಲ್ಲಿ ಊರಿನ ಮುಖ್ಯ ಬೀದಿಯಲ್ಲಿ ಸತ್ತವರ ನೆನಪಿಗೆ ಸಾಲಾಗಿಟ್ಟ ಕೆಂಪು ಕುರ್ಚಿಗಳ ಸಂಖ್ಯೆಯೇ 11,541. ಎಲ್ಲವನ್ನೂ ನ್ಯಾಯಾಲಯದಲ್ಲಿ ಒಂದೊಂದಾಗಿ ಸಾಬೀತು ಮಾಡಲಾಗದು. ಪ್ರಾಸಿಕ್ಯೂಷನ್ ಮಾದರಿಗೆಂದು ಕೆಲವು ಸ್ನೈಪರ್ ಘಟನೆಗಳನ್ನೂ ಐದು ಶೆಲ್ ದಾಳಿಗಳನ್ನೂ ಆರಿಸಿಕೊಂಡಿತು. ಅದರ ಜೊತೆಗೆ ಇಡೀ ಅವಧಿಯ ಸಾಮಾನ್ಯ ಚಿತ್ರಣವನ್ನು ಕಟ್ಟಿಕೊಟ್ಟಿತು.

ಸ್ನೈಪರ್ ಘಟನೆ ಪ್ರತಿಯೊಂದರಲ್ಲೂ ಪೀಠ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಗುಂಡು ಬಿದ್ದ ವ್ಯಕ್ತಿ ನಾಗರಿಕನೇ? ಆ ಹೊತ್ತಿನಲ್ಲಿ ಅವನೋ ಅವಳೋ ಏನು ಮಾಡುತ್ತಿದ್ದರು, ಏನು ಉಟ್ಟಿದ್ದರು? ಗುಂಡು ಯಾವ ಕಡೆಯಿಂದ ಬಂತು? ಅಲ್ಲಿ ಯಾರ ಪಡೆ ಇತ್ತು? ಅಲ್ಲಿಂದ ಇಲ್ಲಿಗೆ ಕಣ್ಣೋಟಕ್ಕೆ ಅಡ್ಡಿಯಿತ್ತೇ? ಹತ್ತಿರದಲ್ಲಿ ಸೈನಿಕರಿದ್ದು, ಗುಂಡು ಗುರಿ ತಪ್ಪಿ ಬಂದಿರಬಹುದೇ? 1992ರ ಡಿಸೆಂಬರ್ 13ರಂದು ಶಿರೊಕಾಚಾ ಬಡಾವಣೆಯಲ್ಲಿ ಮನೆಯ ಜಗಲಿಯಲ್ಲಿದ್ದ ಮೂರು ವರ್ಷದ ಹುಡುಗಿಯ ಕಾಲಿಗೆ ಗುಂಡು ತಗುಲಿತು. 1993ರ ಏಪ್ರಿಲ್ 17ರಂದು ಸೆಡ್ರೆನಿಕ್‌ನಲ್ಲಿ ಮನೆ ಮುಂದಿನ ತೋಟದಲ್ಲಿ ಆಡುತ್ತಿದ್ದ ಒಂಬತ್ತು ವರ್ಷದ ಹುಡುಗಿಯ ಬೆನ್ನಿಗೆ ಬಿತ್ತು. ಸೆಡ್ರೆನಿಕ್‌ನ ಮೇಲುಗಡೆ ಶ್ಪಿತ್ಸಾಸ್ತಾ ಸ್ತಿಯೆನಾ ಎಂಬ ಚೂಪು ಬಂಡೆಯಿದೆ. ಅಲ್ಲಿಂದ ಕೆಳಗಿನ ಮನೆಗಳೆಲ್ಲ ಕಾಣುತ್ತವೆ, ಸ್ನೈಪರ್‌ಗಳಿಗೆ ಅದು ಖಾಯಂ ಜಾಗ. ಕೆಳಗಿನವರು ಹಗಲು ಹೊರಗೆ ಬರುವುದನ್ನೇ ಬಿಟ್ಟು, ನೀರು-ನಿಡಿ ತರಲು ಕತ್ತಲಾಗುವುದನ್ನು ಕಾಯುತ್ತಿದ್ದರು. 1993ರ ಜುಲೈ 11ರಂದು ಡೊಬ್ರಿನ್ಯಾ ನದಿಯಿಂದ ನೀರು ತುಂಬಿಕೊಳ್ಳುತ್ತಿದ್ದ 48 ವರ್ಷದ ಹೆಂಗಸು ಗುಂಡಿಗೆ ಸತ್ತಳು. ಮರುದಿನವೇ ಅದೇ ಡೊಬ್ರಿನ್ಯಾ ಬಡಾವಣೆಯಲ್ಲಿ ಕೈಪಂಪಿನ ಮುಂದೆ ನೀರಿಗೆ ಸಾಲು ನಿಂತಿದ್ದ ನೂರರಷ್ಟು ಜನರ ನಡುವೆ 82 ಮಿಲಿಮೀಟರ್ ಮಾರ್ಟರ್ ಶೆಲ್ ಬಂದು ಬಿತ್ತು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ನಲ್ಲಿಯ ನೀರು ನಿಂತುಹೋದ ಊರಿನಲ್ಲಿ ಜನ ಎಲ್ಲಿ ಗುಂಪುಗೂಡುತ್ತಾರೆಂದು ಊಹಿಸಲು ಗೂಢಚಾರರು ಬೇಕಿಲ್ಲ.

ತೋರಿಸಿದ ಪ್ರತಿಯೊಂದು ಘಟನೆಯನ್ನೂ ಪೀಠ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಗುಂಡು ಬಂದ ದಿಕ್ಕು ಖಚಿತವಾಗದ ಕೆಲವನ್ನು ಕೈಬಿಟ್ಟಿತು. ಈ ಜಿಪುಣತನವೇ ತೀರ್ಪಿನ ಬಲ. ಉಳಿದವುಗಳ ಮೇಲೆ ಯಾರಾದರೂ ಬೆರಳಿಡಬೇಕೆಂದರೆ ಅಷ್ಟೇ ಕಷ್ಟಪಡಬೇಕಾಗುತ್ತದೆ.

ಡೊಬ್ರಿನ್ಯಾದ ಇನ್ನೊಂದು ಘಟನೆ ಕಾನೂನಿನ ದೃಷ್ಟಿಯಿಂದ ಹೆಚ್ಚು ಕಠಿಣ. 1993ರ ಜೂನ್ 1 ಬಕ್ರೀದ್ ದಿನ. ಕಟ್ಟಡಗಳ ನಡುವಿನ ಪಾರ್ಕಿಂಗ್ ಜಾಗದಲ್ಲಿ ಹುಡುಗರು ಫುಟ್‌ಬಾಲ್ ಪಂದ್ಯಾವಳಿ ಇಟ್ಟುಕೊಂಡಿದ್ದರು. ಇನ್ನೂರರಷ್ಟು ಜನ ನೋಡುತ್ತಿದ್ದಾಗ ಎರಡು ಶೆಲ್‌ಗಳು ಬಿದ್ದವು. ಹತ್ತಕ್ಕೂ ಹೆಚ್ಚು ಸಾವು, ನೂರರ ಹತ್ತಿರ ಗಾಯಾಳುಗಳು. ಆ ಗುಂಪಿನಲ್ಲಿ ರಜೆಯ ಮೇಲಿದ್ದ ಬಾಸ್ನಿಯಾ ಸೇನೆಯ, ಅಂದರೆ ನಗರವನ್ನು ಕಾಯುತ್ತಿದ್ದ ಸರ್ಕಾರಿ ಸೇನೆಯ, ಸೈನಿಕರೂ ಇದ್ದರು, ಅದೂ ಗಣನೀಯ ಸಂಖ್ಯೆಯಲ್ಲಿ. ಪ್ರತಿವಾದಿ ವಕೀಲರು ಇದನ್ನೇ ಹಿಡಿದರು. ಸೈನಿಕ ಎಲ್ಲಿದ್ದರೂ ಹೊಡೆಯಬಹುದಾದ ಗುರಿಯೇ ಎಂಬುದು ನಿಯಮವೂ ಹೌದು. ಪೀಠದ ಬಹುಮತ ಸೈನಿಕರಿದ್ದುದನ್ನು ಅಲ್ಲಗಳೆಯಲಿಲ್ಲ. ಅವರು ಎಷ್ಟೇ ಇರಲಿ, ಹಲವಾರು ಮಕ್ಕಳಿದ್ದ ಇನ್ನೂರು ಜನರ ಗುಂಪಿನ ಮೇಲೆ ಶೆಲ್ ಎಸೆಯುವುದು ವಿವೇಚನೆಯಿಲ್ಲದ ದಾಳಿ, ಅದು ಸ್ಪಷ್ಟ ಎಂದಿತು. ಪ್ರೋಟೋಕಾಲ್‌ನ 50ನೇ ವಿಧಿ ಹೇಳುವುದೂ ಇದನ್ನೇ: ಜನಸಮುದಾಯದ ನಡುವೆ ಕೆಲವರು ನಾಗರಿಕರಲ್ಲದವರು ಸೇರಿಕೊಂಡ ಮಾತ್ರಕ್ಕೆ ಇಡೀ ಸಮುದಾಯ ತನ್ನ ನಾಗರಿಕ ಸ್ವರೂಪವನ್ನು ಕಳೆದುಕೊಳ್ಳುವುದಿಲ್ಲ. ಇಂದು ಯಾವ ಯುದ್ಧದ ಸುದ್ದಿ ನೋಡಿದರೂ ‘ಅಲ್ಲಿ ಹೋರಾಟಗಾರರು ಅಡಗಿದ್ದರು’ ಎಂಬ ವಿವರಣೆ ಬರುತ್ತದಲ್ಲ, ಅದನ್ನು ಅಳೆಯಲು ಪ್ರಕರಣದ ಈ ಭಾಗವೇ ನನ್ನ ಅಳತೆಗೋಲು.

ಮಾರ್ಕಾಲೆಯ ಕುಳಿ

1994ರ ಫೆಬ್ರುವರಿ 5, ಶನಿವಾರ ಮಧ್ಯಾಹ್ನ. ಊರಿನ ಹಳೆಯ ಭಾಗದ ಮಾರ್ಕಾಲೆ ಮಾರುಕಟ್ಟೆಯಲ್ಲಿ 120 ಮಿಲಿಮೀಟರ್‌ನ ಒಂದೇ ಒಂದು ಶೆಲ್ ಸಿಡಿಯಿತು. 60ಕ್ಕೂ ಹೆಚ್ಚು ಮಂದಿ ಸತ್ತರು, 140ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಜಗತ್ತಿನ ಟಿವಿಗಳಲ್ಲಿ ಆ ದೃಶ್ಯ ಬಂತು. ಬೆನ್ನಿಗೇ ಸರ್ಬ್ ಪಕ್ಷ, ಮುಸ್ಲಿಮರು ತಮ್ಮವರನ್ನೇ ಕೊಂದು ನಮ್ಮ ಮೇಲೆ ಹೊರಿಸುತ್ತಿದ್ದಾರೆ ಎಂದಿತು. ವಿಶ್ವಸಂಸ್ಥೆಯ ತನಿಖೆಯೂ ಶೆಲ್ ಯಾರದೆಂದು ಹೇಳಲು ಹಿಂಜರಿಯಿತು.

ನ್ಯಾಯಾಲಯದ ಕೈಗೆ ಸಿಕ್ಕ ಸಾಕ್ಷ್ಯ ಟಾರು ನೆಲದಲ್ಲಿದ್ದ ಒಂದು ಸಣ್ಣ ಕುಳಿ. ಮಾರ್ಟರ್ ಶೆಲ್ ಓರೆಯಾಗಿ ಇಳಿಯುತ್ತದೆ. ಸಿಡಿದಾಗ ಚೂರುಗಳು ನೆಲದ ಮೇಲೆ ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಗೀರು ಬಿಡುತ್ತವೆ. ಆ ಗೀರುಗಳ ಹರವು ಶೆಲ್ ಬಂದ ದಿಕ್ಕನ್ನು ಹೇಳುತ್ತದೆ. ಮೂತಿಯ ಫ್ಯೂಸ್ ನೆಲವನ್ನು ಕೊರೆದುಕೊಂಡು ಒಳಹೋದ ಸುರಂಗದ ಓರೆಯಿಂದ ಇಳಿದ ಕೋನ ತಿಳಿಯುತ್ತದೆ. ಬಾಲದ ರೆಕ್ಕೆ ಎಷ್ಟು ಆಳಕ್ಕೆ ಹೂತಿದೆ ಎಂಬುದರಿಂದ ವೇಗ, ವೇಗದಿಂದ ಎಷ್ಟು ಸಿಡಿಮದ್ದಿನ ಬಲದಲ್ಲಿ ಹಾರಿಸಿದರೆಂಬುದು, ಅದರಿಂದ ದೂರ. ದಿಕ್ಕು ಉತ್ತರ-ಈಶಾನ್ಯ, ಸುಮಾರು 18 ಡಿಗ್ರಿ ಎಂದು ಬಾಸ್ನಿಯಾದ ಸ್ಫೋಟಕ ತಜ್ಞ ಬೆರ್ಕೊ ಜೆಚೆವಿಚ್ ಲೆಕ್ಕ ಹಾಕಿದ್ದರು. ಆ ಗೆರೆಯನ್ನು ನಕ್ಷೆಯ ಮೇಲೆ ಎಳೆದರೆ ಮೊದಲು ಸಿಗುವುದು ಬಾಸ್ನಿಯಾ ಸೇನೆಯ ಹಿಡಿತದ ನೆಲ, ಮುಖಾಮುಖಿ ರೇಖೆ ದಾಟಿದರೆ ಸರ್ಬ್ ಸೇನೆಯ ನೆಲ. ಹಾಗಾಗಿ ವಿವಾದವೆಲ್ಲ ದೂರದ ಮೇಲೆ ನಿಂತಿತು. ಬಾಲದ ರೆಕ್ಕೆ ಹೂತಿದ್ದ ಆಳವನ್ನು ನೋಡಿದರೆ ಶೆಲ್ ರೇಖೆಯ ಆಚೆಯಿಂದಲೇ ಬಂದಿರಬೇಕು ಎಂದು ಓರಿ ಮತ್ತು ಎಲ್ ಮಹ್ದಿ ತೀರ್ಮಾನಿಸಿದರು. ನಿಯೆಟೊ ನಾವಿಯಾ ಇದನ್ನು ಒಪ್ಪಲಿಲ್ಲ, ಸಂದೇಹ ಉಳಿದಿದೆ ಎಂದರು. ಮೇಲ್ಮನವಿಯಲ್ಲಿ ಬಹುಮತದ ತೀರ್ಮಾನವೇ ನಿಂತಿತು.

ಹೀಗೆ ಟಾರಿನ ಗೀರಿನಿಂದ ಹಿಡಿದು ಜನರಲ್‌ನ ಮೇಜಿನವರೆಗೆ ಹೋಗುವ ಕೆಲಸ ನಿಧಾನದ್ದು, ಶ್ರಮದ್ದು. ಕೂಡಲೇ ಬಂದು ಆ ಕುಳಿಯನ್ನು ಅಳೆದವರಿಲ್ಲದಿದ್ದರೆ ಮಾರ್ಕಾಲೆ ಇಂದಿಗೂ ಎರಡು ಪಕ್ಷಗಳ ಬಾಯಿಮಾತಾಗಿಯೇ ಉಳಿಯುತ್ತಿತ್ತು. ಯುದ್ಧಭೂಮಿಯಲ್ಲಿ ಸಾಕ್ಷ್ಯ ಸಂಗ್ರಹಿಸುವವರನ್ನು ನಾನು ವೈದ್ಯರಷ್ಟೇ ಅಗತ್ಯದವರೆಂದು ಎಣಿಸುತ್ತೇನೆ.

ಸೈನಿಕನ ಗುಂಡು, ದಂಡನಾಯಕನ ಹೊಣೆ

ಗಾಲಿಚ್ ತಾನೇ ಬಂದೂಕು ಹಿಡಿದು ಯಾರನ್ನೂ ಕೊಂದವನಲ್ಲ. ‘ನಾಗರಿಕರನ್ನು ಹೊಡೆಯಿರಿ’ ಎಂದು ಅವನು ಸಹಿ ಮಾಡಿದ ಆದೇಶವೂ ಸಿಗಲಿಲ್ಲ. ಜಿನೀವಾ ಒಡಂಬಡಿಕೆಗಳನ್ನು ಪಾಲಿಸಿ ಎಂಬ ಲಿಖಿತ ಆದೇಶಗಳನ್ನೇ ಅವನ ವಕೀಲರು ತೋರಿಸಿದರು. ನಗರದೊಳಗೆ ಶತ್ರು ಸೇನೆಯೂ ಇತ್ತಲ್ಲ, ಕೋಶೆವೊ ಆಸ್ಪತ್ರೆಯ ಆವರಣದ ಬಳಿಯಿಂದ ಅವರೂ ಮಾರ್ಟರ್ ಹಾರಿಸಿದ್ದಾರಲ್ಲ ಎಂದು ಕೇಳಿದರು. ಹಾರಿಸಿದ್ದು ನಿಜವೆಂದು ಪೀಠವೂ ಕಂಡುಕೊಂಡಿತು. ರಕ್ಷಣೆಗೆ ನಿಂತ ಪಡೆ ತನ್ನದೇ ರೋಗಿಗಳನ್ನು ಅಪಾಯಕ್ಕೊಡ್ಡಿದ್ದು ತಪ್ಪೇ. ಆದರೆ 51ನೇ ವಿಧಿಯ ಕೊನೆಯ ಖಂಡ ಒಬ್ಬರ ಉಲ್ಲಂಘನೆ ಇನ್ನೊಬ್ಬರನ್ನು ಬಾಧ್ಯತೆಯಿಂದ ಬಿಡಿಸುವುದಿಲ್ಲ ಎನ್ನುತ್ತದೆ.

ಪೀಠ ಮಾದರಿಯನ್ನು ನೋಡಿತು. ಶವಸಂಸ್ಕಾರದಲ್ಲಿದ್ದವರು, ಆಂಬುಲೆನ್ಸ್‌ನಲ್ಲಿದ್ದವರು, ಟ್ರಾಮ್ ಮತ್ತು ಬಸ್ಸಿನಲ್ಲಿದ್ದವರು, ಸೈಕಲ್ ಮೇಲಿದ್ದವರು, ಹಿತ್ತಿಲಲ್ಲಿ ತರಕಾರಿ ನೋಡಿಕೊಳ್ಳುತ್ತಿದ್ದವರು, ಕಸ ಎತ್ತುತ್ತಿದ್ದವರು ಎಲ್ಲರ ಮೇಲೂ ದಾಳಿಯಾಗಿತ್ತು. ಬಹುಪಾಲು ಹಾಡಹಗಲೇ ನಡೆದದ್ದು. ಎದುರಿನಿಂದ ಯಾವ ಅಪಾಯವೂ ಇರಲಿಲ್ಲ, ಕೊಂದದ್ದರಿಂದ ಸಿಕ್ಕ ಸೈನಿಕ ಲಾಭವೂ ಇರಲಿಲ್ಲ. ಲಾಭವೇ ಇಲ್ಲದ ಹಿಂಸೆ ಇಷ್ಟು ಕಾಲ, ಇಷ್ಟು ಕಡೆ ನಡೆದಾಗ ಅದರ ಉದ್ದೇಶ ಬೇರೆ ಏನಿರಲು ಸಾಧ್ಯ? ಎಲ್ಲಿಯೂ, ಯಾವ ಹೊತ್ತಿನಲ್ಲಿಯೂ ಸುರಕ್ಷಿತರಲ್ಲ ಎಂಬ ಭಾವವನ್ನು ಜನರೊಳಗೆ ಇಳಿಸುವುದೇ ಅದರ ಕೆಲಸವಾಗಿತ್ತು ಎಂದು ಬಹುಮತ ಕಂಡಿತು. ಬೀದಿ ದಾಟುವ ಕಡೆ ಜನ ಕಂಟೇನರ್‌ಗಳನ್ನು ಅಡ್ಡ ಇಟ್ಟುಕೊಂಡದ್ದು, ಕಾಣದಿರಲೆಂದು ಕಂಬಳಿ ಕಟ್ಟಿಕೊಂಡದ್ದು, ಶಾಲೆ ನೆಲಮಾಳಿಗೆಗೆ ಇಳಿದದ್ದು ಎಲ್ಲವೂ ತೀರ್ಪಿನಲ್ಲಿ ದಾಖಲಾದವು.

ಇನ್ನು ಹತೋಟಿ. ವಿಶ್ವಸಂಸ್ಥೆಯ ಅಧಿಕಾರಿಗಳು ಗಾಲಿಚ್‌ನನ್ನು ಕಂಡು ಮತ್ತೆ ಮತ್ತೆ ಆಕ್ಷೇಪಿಸಿದ್ದರು, ಹಾಗಾಗಿ ಗೊತ್ತಿರಲಿಲ್ಲ ಎನ್ನಲಾಗದು. ಮಾತುಕತೆ ನಡೆದಾಗ ದಾಳಿ ತಗ್ಗುತ್ತಿತ್ತು, ಕದನವಿರಾಮ ಬಂದರೆ ಕಡಿಮೆಯಾಗುತ್ತಿತ್ತು. ಬೇಕೆಂದಾಗ ತಗ್ಗಿಸಬಲ್ಲವನು ಬೇಡವೆಂದಾಗ ನಿಲ್ಲಿಸಬಲ್ಲವನೂ ಹೌದು. ಆದೇಶದ ಕಾಗದ ಸಿಗದಿದ್ದರೂ ಆದೇಶವಿತ್ತೆಂದು ಇಂಥ ಸಾಕ್ಷ್ಯದಿಂದ ತೀರ್ಮಾನಿಸಬಹುದೆಂದು ಬಹುಮತ ಹೇಳಿತು. ನಿಯೆಟೊ ನಾವಿಯಾ ಇಲ್ಲೂ ಬೇರೆಯಾದರು. ಆದೇಶ ಕೊಟ್ಟದ್ದು ಸಾಬೀತಾಗಿಲ್ಲ, ತಡೆಯದೆ ಬಿಟ್ಟದ್ದಕ್ಕಷ್ಟೇ ಅವನು ಹೊಣೆ ಎಂಬುದು ಅವರ ನಿಲುವು.

ನಿಷೇಧ ಬೇರೆ, ಅಪರಾಧ ಬೇರೆ

ಪ್ರಕರಣದ ಅತಿ ಸೂಕ್ಷ್ಮ ಪ್ರಶ್ನೆ ಇದು. ಪ್ರೋಟೋಕಾಲ್ ಭೀತಿ ಹರಡುವ ಹಿಂಸೆಯನ್ನು ನಿಷೇಧಿಸುತ್ತದೆ. ಆದರೆ ಅದನ್ನು ಮಾಡಿದವನನ್ನು ಜೈಲಿಗೆ ಹಾಕಬೇಕು ಎಂದು ಎಲ್ಲಿ ಬರೆದಿದೆ? ಕೃತ್ಯ ನಡೆದ ಹೊತ್ತಿಗೆ ಅಪರಾಧವಲ್ಲದ್ದಕ್ಕೆ ಆಮೇಲೆ ಶಿಕ್ಷೆ ಕೊಡಬಾರದು ಎಂಬುದು ಯಾವ ನ್ಯಾಯವ್ಯವಸ್ಥೆಗೂ ಬುನಾದಿ. ಜನರಲ್ ಎಷ್ಟೇ ಕ್ರೂರಿಯಾಗಿರಲಿ, ಆ ಬುನಾದಿಯನ್ನು ಅವನಿಗಾಗಿ ಕೀಳಬಾರದು.

ವಿಚಾರಣಾ ಪೀಠದ ಬಹುಮತ ಮೇ 22ರ ಒಪ್ಪಂದವನ್ನು ಆಧಾರವಾಗಿ ಹಿಡಿಯಿತು. 51ನೇ ವಿಧಿ ಈ ಪಕ್ಷಗಳ ಮೇಲೆ ಒಪ್ಪಂದದ ಮೂಲಕವೇ ಬಂಧಕವಾಗಿತ್ತು, ಅದರ ಗಂಭೀರ ಉಲ್ಲಂಘನೆಗೆ ವೈಯಕ್ತಿಕ ಹೊಣೆಯಿತ್ತು, ಆದ್ದರಿಂದ ಜಗತ್ತಿನ ಎಲ್ಲ ದೇಶಗಳ ರೂಢಿಯಲ್ಲಿ ಏನಿದೆಯೆಂದು ಹುಡುಕುವ ಅಗತ್ಯವೇ ಇಲ್ಲ ಎಂದಿತು. ಅಪರಾಧದ ಅಂಶಗಳನ್ನೂ ಗುರುತಿಸಿತು: ನಾಗರಿಕರ ಮೇಲೆ ಗುರಿಯಿಟ್ಟು ಸಾವು ಅಥವಾ ಗಂಭೀರ ಗಾಯ ಉಂಟುಮಾಡಿದ ಹಿಂಸೆ, ಅದನ್ನು ತಿಳಿದೇ ಮಾಡಿದ್ದು, ಭೀತಿ ಹರಡುವುದು ಅದರ ಮುಖ್ಯ ಉದ್ದೇಶವಾಗಿದ್ದು. ಜನ ನಿಜವಾಗಿ ಎಷ್ಟು ಹೆದರಿದರು ಎಂಬುದನ್ನು ಸಾಬೀತು ಮಾಡಬೇಕಿಲ್ಲ. ಯುದ್ಧವೆಂದ ಮೇಲೆ ಜನ ಹೆದರಿಯೇ ಹೆದರುತ್ತಾರೆ. ಕಾನೂನು ನೋಡುವುದು ಹೆದರಿಸಲೆಂದೇ ಕೊಂದರೇ ಎಂಬುದನ್ನು.

2006ರ ನವೆಂಬರ್ 30ರಂದು ಫೌಸ್ಟೊ ಪೊಕಾರ್ ಅಧ್ಯಕ್ಷತೆಯ ಮೇಲ್ಮನವಿ ಪೀಠ ಇನ್ನೂ ಮುಂದೆ ಹೋಯಿತು. 1992ರ ಹೊತ್ತಿಗೇ ಇದು ರೂಢಿಗತ ಅಂತರರಾಷ್ಟ್ರೀಯ ಕಾನೂನಿನಲ್ಲೂ, ಅಂದರೆ ಒಪ್ಪಂದವಿಲ್ಲದಿದ್ದರೂ ದೇಶಗಳ ರೂಢಿಯಿಂದಲೇ ಬಂಧಕವಾಗುವ ಕಾನೂನಿನಲ್ಲೂ, ಅಪರಾಧವಾಗಿತ್ತು ಎಂದು ಬಹುಮತ ಹೇಳಿತು. ಯುಗೊಸ್ಲಾವಿಯಾದ್ದೂ ಸೇರಿ ಹಲವು ದೇಶಗಳ ದಂಡಸಂಹಿತೆಗಳನ್ನು, ಜಾದರ್ ನಗರದ ಮೇಲಿನ ಶೆಲ್ ದಾಳಿಗಾಗಿ ಕ್ರೊವೇಷಿಯಾದ ನ್ಯಾಯಾಲಯ 1997ರಲ್ಲಿ ಕೊಟ್ಟ ತೀರ್ಪನ್ನು ಉಲ್ಲೇಖಿಸಿತು. ಜರ್ಮನಿಯ ನ್ಯಾಯಾಧೀಶ ವೋಲ್ಫ್‌ಗಾಂಗ್ ಶೊಂಬುರ್ಗ್ ಇದಕ್ಕೆ ಒಪ್ಪಲಿಲ್ಲ. ನಿಷೇಧ ರೂಢಿಯಲ್ಲಿತ್ತು, ಶಿಕ್ಷಾರ್ಹ ಅಪರಾಧವಾಗಿ ಇತ್ತೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ, ನಾಗರಿಕರ ಮೇಲಿನ ದಾಳಿ ಎಂಬ ನಿರ್ವಿವಾದದ ಅಪರಾಧಕ್ಕೇ ಶಿಕ್ಷೆ ಕೊಟ್ಟು ಭೀತಿಯ ಉದ್ದೇಶವನ್ನು ಅದರ ತೀವ್ರತೆ ಹೆಚ್ಚಿಸುವ ಅಂಶವಾಗಿ ನೋಡಿ ಎಂದರು.

ರೂಢಿಯ ವಿಷಯದಲ್ಲಿ ಶೊಂಬುರ್ಗ್ ಅವರ ವಾದಕ್ಕೆ ಹೆಚ್ಚು ತೂಕವಿದೆ ಎಂದೇ ನನಗನ್ನಿಸುತ್ತದೆ. ಬೆರಳೆಣಿಕೆಯ ದೇಶಗಳ ಸಂಹಿತೆಗಳಿಂದ ಜಗತ್ತಿನ ರೂಢಿಯನ್ನು ಕಟ್ಟುವುದು ಅವಸರ. ಆದರೆ ಗಾಲಿಚ್‌ನ ಮಟ್ಟಿಗೆ ವಿಚಾರಣಾ ಪೀಠದ ದಾರಿಯೇ ಸರಿಯಾಗಿತ್ತು. ಅವನ ಪಕ್ಷ ಸಹಿ ಹಾಕಿತ್ತು, ಅವನು ಬೆಳೆದ ದೇಶದ ದಂಡಸಂಹಿತೆಯಲ್ಲಿ ಈ ಕೃತ್ಯ ಅಪರಾಧವೆಂದೇ ಇತ್ತು. ಗೊತ್ತಿಲ್ಲದ ಕಾನೂನಿನಲ್ಲಿ ತನ್ನನ್ನು ಸಿಲುಕಿಸಿದರೆಂದು ದೂರುವ ಹಕ್ಕು ಬೇರೆ ಯಾರಿಗಿದ್ದರೂ ಅವನಿಗಿರಲಿಲ್ಲ.

ಅವನ ಮೇಲ್ಮನವಿ ವಜಾ ಆಯಿತು. ಪ್ರಾಸಿಕ್ಯೂಷನ್‌ನ ಮೇಲ್ಮನವಿ ಮಾತ್ರ ಗೆದ್ದಿತು. ಕೃತ್ಯಗಳ ಗಾಂಭೀರ್ಯಕ್ಕೆ 20 ವರ್ಷ ತೀರಾ ಕಡಿಮೆಯೆಂದು ಶಿಕ್ಷೆಯನ್ನು ಜೀವಾವಧಿಗೆ ಏರಿಸಲಾಯಿತು. 2009ರ ಜನವರಿಯಲ್ಲಿ ಅದನ್ನು ಅನುಭವಿಸಲು ಅವನನ್ನು ಜರ್ಮನಿಗೆ ಕಳುಹಿಸಿದರು.

ಆಮೇಲೆ

ಗಾಲಿಚ್ ನಂತರ ಅದೇ ಪಡೆಯ ದಂಡನಾಯಕನಾಗಿದ್ದ ಡ್ರಾಗೊಮಿರ್ ಮಿಲೊಶೆವಿಚ್‌ಗೆ ಮೇಲ್ಮನವಿಯಲ್ಲಿ 29 ವರ್ಷ ನಿಂತಿತು. ಕಾರಾಜಿಚ್‌ಗೆ 2019ರಲ್ಲಿ ಜೀವಾವಧಿ ಅಂತಿಮವಾಯಿತು. ಮ್ಲಾಡಿಚ್‌ನ ಜೀವಾವಧಿ ಖಾಯಮಾದದ್ದು 2021ರ ಜೂನ್ 8ರಂದು, ಪ್ರೋಟೋಕಾಲ್ ಅಂಗೀಕಾರವಾಗಿ ಸರಿಯಾಗಿ 44 ವರ್ಷಕ್ಕೆ. ಮೂರರಲ್ಲೂ ಸರಾಯೆವೊದ ಭೀತಿಯ ಅಪರಾಧ ಸೇರಿತ್ತು, ಮೂರಕ್ಕೂ ದಾರಿ ಹಾಕಿದ್ದು ಗಾಲಿಚ್ ತೀರ್ಪು.

ಇಷ್ಟಾದರೂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಶಾಸನದ ಯುದ್ಧಾಪರಾಧಗಳ ಪಟ್ಟಿಯಲ್ಲಿ ಈ ಅಪರಾಧವಿಲ್ಲ. ನಾಗರಿಕರ ಮೇಲಿನ ಉದ್ದೇಶಪೂರ್ವಕ ದಾಳಿ ಇದೆ, ಭೀತಿಯ ಉದ್ದೇಶ ಪ್ರತ್ಯೇಕವಾಗಿ ಇಲ್ಲ. ಅಂತರ್ಯುದ್ಧದಲ್ಲಿ ಉಪವಾಸ ಕೆಡವಿ ಕೊಲ್ಲುವುದನ್ನು 2019ರಲ್ಲಿ ತಿದ್ದುಪಡಿ ತಂದು ಆ ಪಟ್ಟಿಗೆ ಸೇರಿಸಿದರು. ಇದನ್ನೂ ಹಾಗೆಯೇ ಸೇರಿಸಲು ತಾಂತ್ರಿಕ ಅಡ್ಡಿಯೇನಿಲ್ಲ.

ಭಾರತ ರೋಮ್ ಶಾಸನಕ್ಕೂ ಸೇರಿಲ್ಲ, 1977ರ ಪ್ರೋಟೋಕಾಲ್‌ಗಳಿಗೂ ಸೇರಿಲ್ಲ. 174 ದೇಶಗಳು ಮೊದಲ ಪ್ರೋಟೋಕಾಲನ್ನು ಒಪ್ಪಿವೆ. ನಮ್ಮ ನೆರೆಯ ಬಾಂಗ್ಲಾದೇಶ, ಮಾಲ್ಡೀವ್ಸ್ ಅದರಲ್ಲಿವೆ. ಪಾಕಿಸ್ತಾನ, ಶ್ರೀಲಂಕಾ, ನೇಪಾಳ ನಮ್ಮಂತೆಯೇ ಹೊರಗಿವೆ. ನಮ್ಮಲ್ಲಿರುವುದು 1960ರ ಜಿನೀವಾ ಒಡಂಬಡಿಕೆಗಳ ಕಾಯ್ದೆ. ಅದು ಶಿಕ್ಷಿಸುವುದು 1949ರ ನಾಲ್ಕು ಒಡಂಬಡಿಕೆಗಳ ಗಂಭೀರ ಉಲ್ಲಂಘನೆಗಳನ್ನು. ಅಲ್ಲಿ ‘ಸಂರಕ್ಷಿತ ವ್ಯಕ್ತಿ’ ಎಂದರೆ ಮುಖ್ಯವಾಗಿ ಶತ್ರುವಿನ ಕೈಗೆ ಸಿಕ್ಕವರು. ಗಡಿಯ ಆಚೆಯಿಂದ ಊರಿನ ಮೇಲೆ ಬೀಳುವ ಶೆಲ್‌ಗೆ ಸತ್ತವರು ಆ ವ್ಯಾಖ್ಯೆಯೊಳಗೆ ಬರುವುದು ಕಷ್ಟ. ಅಂದರೆ ಗಾಲಿಚ್‌ಗೆ ಯಾವ ಕೃತ್ಯಕ್ಕಾಗಿ ಜೀವಾವಧಿ ಆಯಿತೋ ಅದೇ ಕೃತ್ಯಕ್ಕೆ ನಮ್ಮ ಈ ಕಾಯ್ದೆಯಲ್ಲಿ ನೇರ ಕಲಮಿಲ್ಲ, ಕೊಲೆಯ ಸಾಮಾನ್ಯ ಕಾನೂನನ್ನೇ ಆಶ್ರಯಿಸಬೇಕು. ಜಮ್ಮುವಿನ ಗಡಿಗ್ರಾಮಗಳಲ್ಲಿ ಶೆಲ್‌ಗೆ ಹೆದರಿ ಬಂಕರಿನಲ್ಲಿ ರಾತ್ರಿ ಕಳೆದವರಿರುವ ದೇಶ ನಮ್ಮದು. ಪ್ರೋಟೋಕಾಲ್‌ನ ಬೇರೆ ಭಾಗಗಳ ಬಗ್ಗೆ ಸರ್ಕಾರಕ್ಕೆ ಆಕ್ಷೇಪವಿದ್ದರೆ ಇರಲಿ. 51ನೇ ವಿಧಿಯೊಂದನ್ನು 1960ರ ಕಾಯ್ದೆಗೆ ತಿದ್ದುಪಡಿಯಾಗಿ ತರಲು ಸಂಸತ್ತು ಯಾರ ಅನುಮತಿಯನ್ನೂ ಕಾಯಬೇಕಿಲ್ಲ.